ತೇರಿಗೆ ಎಸೆಯೋ ಉತ್ತತ್ತಿ ಎಲ್ಲಿಂದ ಬರುತ್ತೆ? ಗಡಿ ಮುಚ್ಚಿದ್ರೆ ನಮ್ಮ ಕಿರಾಣಿ ಅಂಗಡಿಗೆ ಏನಾಗುತ್ತೆ?

ಕೊಪ್ಪಳ: ತೇರು ಎಳೆಯೋ ಹೊತ್ತಿಗೆ ನಮ್ಮ ಭಾಗದ ಜನರ ಕೈಯಲ್ಲಿ ಎರಡು ವಸ್ತು ಇರುತ್ತವೆ. ಒಂದು ಬಾಳೆಹಣ್ಣು, ಇನ್ನೊಂದು ಉತ್ತತ್ತಿ. ಬಾಳೆಹಣ್ಣು ತುಂಗಭದ್ರಾ ಬಲದಂಡೆ, ಎಡದಂಡೆಯ ತೋಟದಿಂದ ಬರುತ್ತದೆ, ಬೆಳೆದವರು ಯಾರು ಅಂತ ಕೇಳಿದರೆ ಊರು ಹೇಳಬಹುದು. ಉತ್ತತ್ತಿ ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಅಂಗಡಿಯವರು ಹುಬ್ಬಳ್ಳಿ ಅಂತಾರೆ, ಹುಬ್ಬಳ್ಳಿಯವರು ಮುಂಬೈ ಅಂತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಆದರೆ ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿರಲೇಬೇಕಾದ ಪರಿಸ್ಥಿತಿ ಬಂದಿದೆ. ಮದುವೆ, ಸೀಮಂತದಲ್ಲಿ ಉಡಿ ತುಂಬಲು ಉತ್ತತ್ತಿ ಬೇಕು. ಬಾಣಂತಿಗೆ ಅಂಟಿನುಂಡಿ ಕಟ್ಟಲು ಉತ್ತತ್ತಿ ಪುಡಿ ಬೇಕು. ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಖರ್ಜೂರ ಬೇಕು, ಈದ್ ದಿನ ಶೀರ್‌ಖುರ್ಮಾಕ್ಕೆ ಮತ್ತೆ ಉತ್ತತ್ತಿ ಬೇಕು. ಯಾವ ಜಾತಿ, ಯಾವ ಧರ್ಮದ ಮನೆಯೂ ಇದನ್ನು ಬಿಟ್ಟಿಲ್ಲ. ಹೀಗಾಗಿ ದಿಲ್ಲಿಯಲ್ಲಿ ಹೊರಡುವ ಒಂದು ಆದೇಶ ನೇರವಾಗಿ ನಮ್ಮ ಸಂತೆಗೆ ಬಂದು ಮುಟ್ಟುತ್ತದೆ.

ಉತ್ತತ್ತಿ ಬೇರೆ ಹಣ್ಣಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ಉತ್ತತ್ತಿಗೂ ಖರ್ಜೂರಕ್ಕೂ ಮರ ಒಂದೇ. ಕೊಯ್ಯುವ ಹೊತ್ತು ಬೇರೆ, ಸಂಸ್ಕರಣೆ ಬೇರೆ. ಖರ್ಜೂರದ ಕಾಯಿ ಮೊದಲು ಹಸಿರಾಗಿರುತ್ತದೆ. ಆಮೇಲೆ ತಳಿಗೆ ತಕ್ಕಂತೆ ಹಳದಿ ಇಲ್ಲವೇ ಕೆಂಪು ಬಣ್ಣಕ್ಕೆ ತಿರುಗಿ ದೋರೆಗಾಯಿ ಆಗುತ್ತದೆ. ಇನ್ನೂ ಮರದಲ್ಲೇ ಬಿಟ್ಟರೆ ಮೆತ್ತಗಾಗಿ ಕಳಿಯುತ್ತದೆ, ಕೊನೆಗೆ ಸಕ್ಕರೆ ಗಟ್ಟಿಯಾಗಿ ನಾವು ಪ್ಯಾಕೆಟ್‌ನಲ್ಲಿ ಕೊಳ್ಳುವ ಖರ್ಜೂರ ಆಗುತ್ತದೆ. ಇದಕ್ಕೆ ಉದ್ದನೆಯ ಬಿಸಿಲುಗಾಲ ಬೇಕು. ಹಣ್ಣಾಗುವಾಗ ಮಳೆ ಬಿದ್ದರೆ ಗೊನೆಯೇ ಕೊಳೆಯುತ್ತದೆ.

ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಖೈರ್‌ಪುರದಲ್ಲಿ ಸಮಸ್ಯೆ ಇದೇ. ಅಲ್ಲಿ ಖರ್ಜೂರ ಹಣ್ಣಾಗೋ ಹೊತ್ತಿಗೂ ಮುಂಗಾರು ಬರೋ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಅದಕ್ಕೆ ಅಲ್ಲಿನ ರೈತರು ದೋರೆಗಾಯಿಯನ್ನೇ ಕೊಯ್ದು, ದೊಡ್ಡ ಕಡಾಯಿಯಲ್ಲಿ ಕುದಿಸಿ, ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಹಿಂದಿಯಲ್ಲಿ ಛುಹಾರಾ ಅನ್ನೋದು ಇದಕ್ಕೇ. ನಮ್ಮಲ್ಲಿ ಉತ್ತತ್ತಿ. ಅಂದರೆ ಉತ್ತತ್ತಿ ಹುಟ್ಟಿದ್ದೇ ಮಳೆಯಿಂದ ಬೆಳೆ ಉಳಿಸಿಕೊಳ್ಳೋಕೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ನಮ್ಮ ರೈತರ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

200 ಪರ್ಸೆಂಟ್ ಸುಂಕದಿಂದ ಪೂರ್ತಿ ನಿಷೇಧದವರೆಗೆ

ಬಹಳ ವರ್ಷ ಭಾರತಕ್ಕೆ ಬರುತ್ತಿದ್ದ ಉತ್ತತ್ತಿಯಲ್ಲಿ ದೊಡ್ಡ ಪಾಲು ಪಾಕಿಸ್ತಾನದ್ದು. ಅಟ್ಟಾರಿ ಗಡಿಯಲ್ಲಿ ಲಾರಿ ಮೇಲೆ ಬರುತ್ತಿತ್ತು, ಹಡಗಿನಲ್ಲೂ ಬರುತ್ತಿತ್ತು. 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿ ಆದ ಮೇಲೆ ಕೇಂದ್ರ ಸರ್ಕಾರ ಪಾಕಿಸ್ತಾನದ ಎಲ್ಲ ಸರಕಿನ ಮೇಲೆ 200 ಪರ್ಸೆಂಟ್ ಕಸ್ಟಮ್ಸ್ ಸುಂಕ ಹಾಕಿತು. ಲೆಕ್ಕ ಸರಳ: 100 ರೂಪಾಯಿ ಮಾಲಿಗೆ 200 ರೂಪಾಯಿ ಸುಂಕ. ಸಾಗಾಟ, ಲಾಭ ಸೇರುವ ಮೊದಲೇ 300 ರೂಪಾಯಿ. ಆ ಬೆಲೆಗೆ ಯಾರು ತರ್ತಾರೆ?

ನೇರ ದಾರಿ ಮುಚ್ಚಿತು. ಆದರೆ ತೇರು ನಿಲ್ಲಲಿಲ್ಲ, ಮದುವೆ ನಿಲ್ಲಲಿಲ್ಲ, ಬೇಡಿಕೆ ಹಾಗೇ ಉಳಿಯಿತು. ಬೇಡಿಕೆ ಇದ್ದಲ್ಲಿ ಸುತ್ತುದಾರಿ ಹುಟ್ಟುತ್ತದೆ. ಪಾಕಿಸ್ತಾನದ ಮಾಲು ದುಬೈಗೆ ಹೋಗಿ, ಅಲ್ಲಿ ಕಾಗದ ಬದಲಾಗಿ, ಯುಎಇ ಮಾಲು ಅನ್ನೋ ಹೆಸರಲ್ಲಿ ಮುಂಬೈ ಬಂದರಿಗೆ ಬರೋ ದಂಧೆ ಶುರುವಾಯಿತು.

2025ರ ಏಪ್ರಿಲ್ 22ರಂದು ಪಹಲ್ಗಾಮ್ ದಾಳಿ ಆಯಿತು. ಮೇ 2ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಆದೇಶದಲ್ಲಿ ಸುಂಕದ ಮಾತೇ ಇಲ್ಲ. ಪಾಕಿಸ್ತಾನದಲ್ಲಿ ಹುಟ್ಟಿದ ಯಾವ ಸರಕೂ ನೇರವಾಗಲಿ, ಬೇರೆ ದೇಶದ ಮೂಲಕವಾಗಲಿ ಭಾರತಕ್ಕೆ ಬರುವಂತಿಲ್ಲ. ಅದೇ ಜೂನ್‌ನಲ್ಲಿ ಡಿಆರ್‌ಐ, ಅಂದರೆ ಕಂದಾಯ ಗುಪ್ತಚರ ನಿರ್ದೇಶನಾಲಯ, 'ಆಪರೇಷನ್ ಡೀಪ್ ಮ್ಯಾನಿಫೆಸ್ಟ್' ಹೆಸರಲ್ಲಿ 39 ಕಂಟೇನರ್ ಹಿಡಿಯಿತು. ಒಟ್ಟು 1,115 ಟನ್ ಮಾಲು, ಬೆಲೆ ಸುಮಾರು 9 ಕೋಟಿ ರೂಪಾಯಿ. ಯುಎಇ ಮಾಲು ಅಂತ ಘೋಷಿಸಿ ತಂದಿದ್ದ ಉತ್ತತ್ತಿ ಅದರಲ್ಲಿತ್ತು.

ಹಾಗಾದ್ರೆ ಈಗ ಬರೋದು ಯಾವ ದೇಶದ್ದು?

ಉತ್ತತ್ತಿ ಅಂದರೆಲ್ಲ ಪಾಕಿಸ್ತಾನದ್ದೇ ಅಂತ ತಿಳಿಯಬೇಕಿಲ್ಲ. ಓಮನ್ ದೇಶದಲ್ಲಿ ಮಬ್ಸಲಿ ಅನ್ನೋ ತಳಿಯ ಖರ್ಜೂರವನ್ನು ದೋರೆಗಾಯಿ ಇರುವಾಗಲೇ ಕೊಯ್ದು ಕುದಿಸಿ ಒಣಗಿಸುವ ಪದ್ಧತಿ ತಲೆಮಾರುಗಳಿಂದ ಇದೆ. ಆ ಮಾಲಿಗೆ ಮುಖ್ಯ ಗಿರಾಕಿ ಮೊದಲಿನಿಂದಲೂ ಭಾರತವೇ. ಅದು ಕಾನೂನುಬದ್ಧ ಮಾಲು.

ಮೆತ್ತನೆ ಖರ್ಜೂರದ ಕಥೆ ಬೇರೆ. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗೋದು ಹೆಚ್ಚಾಗಿ ಇರಾಕ್‌ನದು. ಕಪ್ಪಗೆ, ಮೆತ್ತಗೆ ಡಬ್ಬಿಯಲ್ಲಿ ಬರೋ ಮಜಾಫತಿ ಇರಾನಿನದು. ಅಜ್ವಾ ಸೌದಿಯ ಮದೀನಾದ್ದು. ಇರಾಕ್‌ನ ಉಮ್ ಕಸ್ರ್ ಬಂದರಿನಿಂದ ಹೊರಟ ಹಡಗು ಹಾರ್ಮುಜ್ ಜಲಸಂಧಿ ದಾಟದೆ ಅರಬ್ಬಿ ಸಮುದ್ರಕ್ಕೆ ಬರೋಕೆ ಆಗಲ್ಲ. ಆ ಕಡೆ ಯುದ್ಧದ ಸುದ್ದಿ ಬಂದಾಗ ಪೆಟ್ರೋಲ್ ಬಗ್ಗೆ ಮಾತ್ರ ಯೋಚನೆ ಮಾಡ್ತೀವಿ. ಆದರೆ ಖರ್ಜೂರದ ಹಡಗಿಗೂ ದಾರಿ ಅದೇ.

ಒಟ್ಟಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಖರ್ಜೂರ ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಭಾರತ ಒಂದು. ತಿನ್ನೋರು ನಾವು, ಬೆಲೆ ನಿರ್ಧಾರ ಆಗೋದು ಬೇರೆಯವರ ಗಡಿಯಲ್ಲಿ, ಬೇರೆಯವರ ಸಮುದ್ರದಲ್ಲಿ.

ಅಂಗಡಿಯವರು ಗಮನಿಸಬೇಕಾದ್ದು

ನಿಷೇಧದ ಬಿಸಿ ಮೊದಲು ತಟ್ಟೋದು ಆಮದುದಾರರಿಗೆ. ತಾಲ್ಲೂಕಿನ ಕಿರಾಣಿ ಅಂಗಡಿಗೆ ಡಿಆರ್‌ಐ ಬರುತ್ತೆ ಅಂತ ಹೆದರಬೇಕಿಲ್ಲ. ಆದರೆ ಕಸ್ಟಮ್ಸ್ ಕಾಯ್ದೆಯಲ್ಲಿ ಒಂದು ಮಾತಿದೆ: ಜಪ್ತಿಗೆ ಅರ್ಹವಾದ ಮಾಲು ಅಂತ ಗೊತ್ತಿದ್ದೂ ಕೊಂಡು ಮಾರಿದವರಿಗೂ ದಂಡ ಹಾಕಬಹುದು. ಇಲ್ಲಿ ಅಂಗಡಿಯವರ ರಕ್ಷಣೆ ಒಂದೇ, ಅದು ಬಿಲ್.

ನಮ್ಮಲ್ಲಿ ಉತ್ತತ್ತಿ ಬರೋದು ಬಹುಪಾಲು ಚೀಲದಲ್ಲಿ, ಮಾರೋದು ತೂಕದ ಮೇಲೆ. ಚೀಲದ ಮೇಲೆ ಏನಿದೆ ಅಂತ ಯಾರೂ ನೋಡಲ್ಲ, ಖಾಲಿಯಾದ ಮೇಲೆ ಚೀಲವೇ ಇರಲ್ಲ. ಇನ್ನು ಮುಂದೆ ಮೂರು ಕೆಲಸ ಮಾಡೋದು ಒಳ್ಳೇದು. ಒಂದು, ಹೋಲ್‌ಸೇಲ್‌ನವರಿಂದ ಜಿಎಸ್‌ಟಿ ಬಿಲ್ ತಗೊಳ್ಳಿ, ಅದರಲ್ಲಿ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ. ಎರಡು, ಪ್ಯಾಕೆಟ್ ಮಾಲಾದರೆ ಆಮದುದಾರರ ಹೆಸರು, ವಿಳಾಸ ಮತ್ತು ಯಾವ ದೇಶದ್ದು ಅನ್ನೋದು ಮುದ್ರಣ ಆಗಿರಲೇಬೇಕು. ಇಲ್ಲದಿದ್ದರೆ ತಗೋಬೇಡಿ. ಮೂರು, ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆಗೆ, ಬಿಲ್ ಬೇಡ ಅನ್ನೋ ಷರತ್ತಿನ ಮೇಲೆ ಯಾರಾದರೂ ಮಾಲು ಕೊಡ್ತೀನಿ ಅಂದರೆ ಕಾರಣ ಕೇಳಿ.

ಇನ್ನೊಂದು ವಿಷಯ ಗಿರಾಕಿಗಳಿಗೂ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ಖರ್ಜೂರ, ಉತ್ತತ್ತಿ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. 1,000 ರೂಪಾಯಿ ಮಾಲಿಗೆ 120 ರೂಪಾಯಿ ಇದ್ದ ತೆರಿಗೆ ಈಗ 50 ರೂಪಾಯಿ. ಹಳೇ ದರ ಹಾಕಿದ ಬಿಲ್ ಬಂದರೆ ಕೇಳೋ ಹಕ್ಕು ನಿಮಗಿದೆ.

ನಾವೇ ಯಾಕೆ ಬೆಳೆಯಬಾರದು?

ಈ ಪ್ರಶ್ನೆ ಈಗ ಹಳ್ಳಿ ಕಟ್ಟೆ ಮೇಲೂ ಕೇಳಿ ಬರುತ್ತಿದೆ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ. ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ಈಚಲು ತಾನಾಗೇ ಬೆಳೆಯುತ್ತದೆ, ಅದು ಖರ್ಜೂರದ ದಾಯಾದಿಯೇ. ದಾಳಿಂಬೆ ದುಂಡಾಣು ರೋಗದಿಂದ ಕೈಸುಟ್ಟುಕೊಂಡ ಕುಷ್ಟಗಿ, ಯಲಬುರ್ಗಾ ಕಡೆಯ ರೈತರು ಹೊಸ ಬೆಳೆ ಹುಡುಕೋದು ಸಹಜ. ಬಯಲುಸೀಮೆಯ ಕೆಲವು ರೈತರು ಈಗಾಗಲೇ ಬರ್ಹಿ ತಳಿ ಹಾಕಿ ಹಣ್ಣು ಮಾರುತ್ತಿದ್ದಾರೆ. ಮಳೆಗಾಲದ ಹೊತ್ತಿಗೆ ರಸ್ತೆ ಬದಿಯಲ್ಲಿ ಗೊಂಚಲು ಸಮೇತ ಹಳದಿ ಕಾಯಿ ಮಾರೋದು ನೋಡಿರಬಹುದು.

ಬೆಳೆ ಬರುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ಬರ್ಹಿ ಬೆಳೆದರೆ ಉತ್ತತ್ತಿ ಆಮದು ಕಡಿಮೆ ಆಗುತ್ತೆ ಅನ್ನೋದು ತಪ್ಪು ಲೆಕ್ಕ. ಬರ್ಹಿ ದೋರೆಗಾಯಿ ಇರುವಾಗಲೇ ಒಗರಿಲ್ಲದೆ ಸಿಹಿಯಾಗಿರುತ್ತದೆ, ಅದಕ್ಕೇ ಅದನ್ನು ಹಸಿಯಾಗಿ ತಿಂತಾರೆ. ತಾಜಾ ಹಣ್ಣಿನ ವ್ಯಾಪಾರ ಅದು. ಕೆಲವೇ ದಿನದಲ್ಲಿ ಮಾರಬೇಕು, ತಡವಾದರೆ ಮೆತ್ತಗಾಗಿ ಹೋಗುತ್ತದೆ. ಅದೇ ಹೊತ್ತಿಗೆ ಗುಜರಾತಿನ ಕಛ್‌ನಿಂದಲೂ ಲಾರಿಗಟ್ಟಲೆ ಮಾಲು ಬರುತ್ತದೆ. ಕಛ್‌ನ ಖಾರೆಕ್‌ಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅವರು ಹಸಿ ಹಣ್ಣನ್ನೇ ಮಾರೋದಕ್ಕೆ ಕಾರಣವೂ ಮಳೆಯೇ. ಹಣ್ಣು ಮರದಲ್ಲೇ ಒಣಗುವ ತನಕ ಮುಂಗಾರು ಕಾಯಲ್ಲ.

ನಮ್ಮ ಜಿಲ್ಲೆಗೂ ಅದೇ ಮಿತಿ. ಕಡಿಮೆ ಮಳೆ ಪ್ರದೇಶ ಅಂತೀವಿ, ಆದರೆ ಬೀಳೋ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೇ ಬೀಳುತ್ತದೆ, ಸರಿಯಾಗಿ ಹಣ್ಣಿನ ಕಾಲಕ್ಕೆ. ಪಕ್ಕದ ವಿಜಯಪುರದಲ್ಲಿ ದ್ರಾಕ್ಷಿ ಒಣಗಿಸಿ ಮನೂಕ ಮಾಡ್ತಾರಲ್ಲ, ಇದನ್ನೂ ಹಾಗೇ ಮಾಡಬಹುದಲ್ಲ ಅಂತ ಕೇಳ್ತಾರೆ. ದ್ರಾಕ್ಷಿ ಬರೋದು ಬೇಸಿಗೆಯಲ್ಲಿ, ಶೆಡ್ಡಿನ ಗಾಳಿಗೇ ಒಣಗುತ್ತದೆ. ಖರ್ಜೂರ ಬರೋದು ಮೋಡದ ದಿನದಲ್ಲಿ. ಕಾಯಿ ಕುದಿಸಿದ ಮೇಲೆ ಸುಮಾರು 50 ಡಿಗ್ರಿ ಬಿಸಿಗಾಳಿಯ ಡ್ರೈಯರ್‌ನಲ್ಲಿ ಮೂರು-ನಾಲ್ಕು ದಿನ ಇಡಬೇಕು. ಉತ್ತತ್ತಿಗೆ ಒಗ್ಗುವ ತಳಿಯೂ ಬೇರೆ ಬೇಕು.

ಸಸಿ ಕೊಳ್ಳೋ ಮೊದಲು

ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ತಿಂದು ಉಗುಳಿದ ಬೀಜ ನೆಟ್ಟರೆ ಅರ್ಧದಷ್ಟು ಗಂಡು ಬರುತ್ತವೆ, ಅದು ಗೊತ್ತಾಗೋದು ವರ್ಷಗಟ್ಟಲೆ ನೀರು ಹಾಯಿಸಿ ಹೂ ಬಿಟ್ಟ ಮೇಲೆ. ಹೆಣ್ಣು ಬಂದರೂ ತಾಯಿಯ ಗುಣ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಹಾಗಾಗಿ ತಾಯಿ ಮರದ ಬುಡದ ಮರಿ ಇಲ್ಲವೇ ಟಿಶ್ಯೂ ಕಲ್ಚರ್ ಸಸಿಯೇ ಗತಿ.

8 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 63 ಸಸಿ. ಒಂದಕ್ಕೆ 4,000 ರೂಪಾಯಿ ಅಂತ ಹಿಡಿದರೂ ಸಸಿಗೇ 2.52 ಲಕ್ಷ ರೂಪಾಯಿ. ಮೊದಲ ಫಲಕ್ಕೆ ಮೂರು-ನಾಲ್ಕು ವರ್ಷ, ಪೂರ್ತಿ ಇಳುವರಿಗೆ ಇನ್ನೂ ಹೆಚ್ಚು. ಪ್ರತಿ ವರ್ಷ ಗಂಡು ಹೂವಿನ ಪರಾಗವನ್ನು ಕೈಯಿಂದಲೇ ಹೆಣ್ಣು ಹೂಗೊಂಚಲಿಗೆ ಮುಟ್ಟಿಸಬೇಕು. ಮುಳ್ಳಿನ ನಡುವೆ ಹತ್ತೋ ಆಳು ಬೇಕು. ತೆಂಗಿಗೆ ಬರೋ ಕೆಂಪು ಮೂತಿ ಹುಳು ಇದಕ್ಕೂ ಬರುತ್ತದೆ.

ಇಷ್ಟೆಲ್ಲ ಬಂಡವಾಳ ಹಾಕೋ ರೈತ ಸಸಿ ಮಾರೋರ ಬಾಯಿ ಮಾತಿನ ಮೇಲೆ ಮುಂದೆ ಹೋಗಬಾರದು. ತಳಿಯ ಹೆಸರು, ಸಸಿ ಎಲ್ಲಿ ತಯಾರಾಯಿತು ಅನ್ನೋದು ಬಿಲ್‌ನಲ್ಲಿ ಬರೆಸಿಕೊಳ್ಳಬೇಕು. ಐದಾರು ವರ್ಷದ ಹಿಂದೆ ನೆಟ್ಟವರ ತೋಟಕ್ಕೆ ಹೋಗಿ, ಎಷ್ಟು ಬೆಳೆದ್ರಿ ಅನ್ನೋದಕ್ಕಿಂತ ಯಾರಿಗೆ, ಯಾವ ದರಕ್ಕೆ ಮಾರಿದ್ರಿ ಅಂತ ಕೇಳಬೇಕು.

ಕೊರತೆ ಇರೋದು ಎಲ್ಲಿ?

ಗಡಿ ಮುಚ್ಚಿದ್ದು ರಾಜಕೀಯ ತೀರ್ಮಾನ, ಅದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಆದರೆ ಗಡಿ ಮುಚ್ಚಿದ ಮಾತ್ರಕ್ಕೆ ನಮ್ಮ ರೈತನಿಗೆ ಬಾಗಿಲು ತೆರೆಯಲ್ಲ. ನಮ್ಮಲ್ಲಿ ಮರಕ್ಕಿಂತ ದೊಡ್ಡ ಕೊರತೆ ಇರೋದು ಕುದಿಸೋ ಕಡಾಯಿ ಮತ್ತು ಡ್ರೈಯರ್‌ದು. ಒಬ್ಬೊಬ್ಬ ರೈತ ಇದನ್ನು ಹಾಕಿಕೊಳ್ಳೋಕೆ ಆಗಲ್ಲ. ರೈತ ಉತ್ಪಾದಕರ ಸಂಘವೊಂದು ಹಾಕಿದರೆ ಅದೇ ಡ್ರೈಯರ್ ಮೆಣಸಿನಕಾಯಿಗೂ, ನುಗ್ಗೆಸೊಪ್ಪಿಗೂ, ಅಂಜೂರಕ್ಕೂ ವರ್ಷವಿಡೀ ದುಡಿಯುತ್ತದೆ. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ 35 ಪರ್ಸೆಂಟ್ ಸಹಾಯಧನಕ್ಕೆ ನಮ್ಮ ರಾಜ್ಯ ತನ್ನ ಪಾಲು ಸೇರಿಸಿ 50 ಪರ್ಸೆಂಟ್‌ವರೆಗೆ, ಗರಿಷ್ಠ 15 ಲಕ್ಷ ರೂಪಾಯಿ ಅಂತ ಮಾಡಿತ್ತು. ಈ ಸಾಲಿನಲ್ಲಿ ಅರ್ಜಿ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಬಹುದು.

ಗಿರಾಕಿಗಳ ಕೆಲಸ ಸಣ್ಣದು. ಮುಂದಿನ ಸಲ ಉಡಿ ಸಾಮಾನು ಕಟ್ಟಿಸುವಾಗ "ಇದು ಯಾವ ದೇಶದ್ದು ರೀ?" ಅಂತ ಒಂದು ಮಾತು ಕೇಳಿ. ಅಂಗಡಿಯವರು ಹೋಲ್‌ಸೇಲ್‌ನವರನ್ನು ಕೇಳ್ತಾರೆ, ಅವರು ಮುಂಬೈನವರನ್ನು ಕೇಳಲೇಬೇಕಾಗುತ್ತದೆ. ಇವತ್ತು ಚೀಲದ ಮೇಲೆ ಇಲ್ಲದ ಹೆಸರು ನಾಳೆ ಬಿಲ್ ಮೇಲಾದರೂ ಬರಬೇಕಾದರೆ ಹತ್ತು ಜನ ಕೇಳಬೇಕು.