ಪಾಲಿಕೆಯಲ್ಲಿ ಮಹಿಳೆಯರ ಅರ್ಧ ಪಾಲು ಎಲ್ಲಿ ಹೋಯಿತು?



ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುವುದನ್ನು ಹಗುರವಾಗಿ ಕಾಣುವವಳು ನಾನಲ್ಲ. ಆ ಹಣದಿಂದ ಬಿ.ಪಿ. ಮಾತ್ರೆ ತಪ್ಪದೆ ತಗೊಳ್ಳುತ್ತಿರುವ ಹೆಂಗಸರು, ಮಕ್ಕಳ ಫೀಸು ಕಟ್ಟಿದ ತಾಯಂದಿರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಆದರೆ ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಅದೇ ವರ್ಷ ನವೆಂಬರ್‌ನಲ್ಲಿ, ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿ ಬಂದರು. ಎರಡು ವರ್ಷ ದಾಟಿಹೋಯಿತು.

ಈ ವಿಳಂಬವನ್ನು ಪಕ್ಷಗಳ ಲೆಕ್ಕಾಚಾರವೆಂದೋ ಆಡಳಿತದ ತೊಡಕೆಂದೋ ಪತ್ರಿಕೆಗಳು ಬರೆದಿವೆ. ಇದರಿಂದ ಹೆಚ್ಚು ಕಳೆದುಕೊಂಡವರು ಮಹಿಳೆಯರು ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸಂವಿಧಾನದ 74ನೇ ತಿದ್ದುಪಡಿ ಕೇಳಿದ್ದು ಮೂರನೇ ಒಂದು ಪಾಲು ಮಾತ್ರ. ಕರ್ನಾಟಕ ಅದನ್ನೂ ಮೀರಿ ನಡೆಯಿತು. ಅದಕ್ಕೂ ಮುಂಚೆ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಶೇ 25 ಸ್ಥಾನ ಕೊಟ್ಟಿದ್ದ ರಾಜ್ಯ ನಮ್ಮದು. ಅಂಥ ರಾಜ್ಯದಲ್ಲಿ ಇಂದು ಪಾಲಿಕೆಯ 65 ವಾರ್ಡ್‌ಗಳಿಗೆ ಸದಸ್ಯರೇ ಇಲ್ಲ. ಮೀಸಲಾತಿ ಕಾಯ್ದೆಯಲ್ಲಿದೆ, ಸ್ಥಾನ ಖಾಲಿಯಿದೆ.

ಹೋಗಲಿ, ಬೇರೆಲ್ಲಾದರೂ ನಮಗೆ ಜಾಗ ಇದೆಯೇ ಎಂದು ನೋಡೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ ಮೈಸೂರು ಜಿಲ್ಲೆಯ 11 ಕ್ಷೇತ್ರಗಳಿಂದ ಗೆದ್ದವರೆಲ್ಲರೂ ಗಂಡಸರು. 224 ಸದಸ್ಯರ ಆ ಸದನಕ್ಕೆ ಇಡೀ ರಾಜ್ಯದಿಂದ ಆರಿಸಿಬಂದ ಮಹಿಳೆಯರು 10 ಮಂದಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2021ರಿಂದ ಚುನಾಯಿತ ಸದಸ್ಯರಿಲ್ಲ. ನಗರದ ಅಂಚಿನ ಕಥೆ ಇನ್ನೂ ಬೇಸರದ್ದು. ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಮಾಡಿದರು. ಅಲ್ಲಿನ ಹೆಂಗಸರು ಪಂಚಾಯಿತಿ ಸದಸ್ಯತ್ವ ಕಳೆದುಕೊಂಡರು, ಹೊಸ ಸಂಸ್ಥೆಗಳಿಗೆ ಚುನಾವಣೆಯೇ ಆಗಲಿಲ್ಲ. ಊರು ನಗರವಾದ ಕಾರಣಕ್ಕೆ ಅವರ ದನಿ ಅಡಗಿತು.

ಈ ಮಾತಿಗೆ ಬರುವ ಉತ್ತರ ನನಗೆ ಗೊತ್ತು: "ಹೆಂಡತಿ ಕಾರ್ಪೊರೇಟರ್, ಗಂಡನದು ದರ್ಬಾರು. ಇಂಥ ಮೀಸಲಾತಿ ಇದ್ದರೇನು, ಹೋದರೇನು?" ಗಂಡನೇ ಸಭೆಯ ಹೊರಗೆ ಕುಳಿತು ಫೋನಿನಲ್ಲಿ ನಡೆಸುವುದು ಇದೆ, ಅದು ನಾಚಿಕೆಗೇಡು. ಆದರೆ ಟಿಕೆಟ್ ಕೊಡುವಾಗ ಕಾರ್ಯಕರ್ತೆಯನ್ನು ಬಿಟ್ಟು ಮುಖಂಡನ ಹೆಂಡತಿಯನ್ನು ಹುಡುಕುವವರು ಯಾರು? ಪಕ್ಷಗಳೇ ತಾನೇ? ಒಂದು ಅವಧಿ ಕೆಲಸ ಕಲಿತ ಸದಸ್ಯೆಯ ವಾರ್ಡನ್ನು ಮುಂದಿನ ಸಲ ಬೇರೆ ಮೀಸಲಾತಿಗೆ ಹಾಕಿ ಅವಳನ್ನು ಮನೆಗೆ ಕಳಿಸುವುದೂ ಇದೇ ವ್ಯವಸ್ಥೆ. 2018ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಮೊದಲ ನಾಲ್ವರು ಮೇಯರ್‌ಗಳು ಮಹಿಳೆಯರು: ಪುಷ್ಪಲತಾ ಜಗನ್ನಾಥ್, ತಸ್ನೀಂ, ರುಕ್ಮಿಣಿ ಮಾದೇಗೌಡ, ಸುನಂದಾ ಪಾಲನೇತ್ರ. 2020ರಲ್ಲಿ ತಸ್ನೀಂ ಗೆದ್ದಾಗ ಈ ನಗರಕ್ಕೆ ಮೊದಲ ಬಾರಿಗೆ ಮುಸ್ಲಿಂ ಮಹಿಳೆಯೊಬ್ಬರು ಮೇಯರ್ ಆದರು. ಒಂದೊಂದು ವರ್ಷದ ಮೇಯರ್‌ಗಿರಿಯಲ್ಲಿ ಯಾರಿಂದಲೂ ಹೆಚ್ಚೇನೂ ಆಗದು. ಅವರ ಆಡಳಿತವೆಲ್ಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಆದರೂ ಹೆಣ್ಣುಮಗಳೊಬ್ಬಳು ಅಳುಕಿಲ್ಲದೆ ಹೋಗಿ ಬಾಗಿಲು ತಟ್ಟಬಹುದಾದ ಮನೆ ಪ್ರತಿ ಎರಡು ವಾರ್ಡಿಗೆ ಒಂದು ಇತ್ತು. ಇಂದು ಆಕೆ ವಲಯ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು, ಅಧಿಕಾರಿ ಸೈಟಿಗೆ ಹೋಗಿದ್ದಾರೆ ಎಂದು ಕೇಳಿ ವಾಪಸ್ ಬರಬೇಕು.

ಪಾಲಿಕೆ ಎಂದರೆ ಕಸ, ನೀರು, ಕಂದಾಯ ಮಾತ್ರ ಎಂದುಕೊಂಡವರಿಗೆ ಒಂದು ಮಾತು. ಹೆಂಗಸರ ದುಡಿಮೆಯ ಪ್ರಶ್ನೆಯೂ ಅಲ್ಲೇ ಇದೆ. ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ, ದೇಶದ ನಗರಗಳಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುತ್ತಿರುವವರು ಅಥವಾ ಕೆಲಸ ಹುಡುಕುತ್ತಿರುವವರು ಶೇ 28 ಮಾತ್ರ. ಗಂಡಸರಲ್ಲಿ ಇದು ಶೇ 75ಕ್ಕೂ ಹೆಚ್ಚು. ಹಳ್ಳಿಯ ಹೆಂಗಸರು ನಗರದವರಿಗಿಂತ ಎಷ್ಟೋ ಮುಂದಿದ್ದಾರೆ. ನಗರದಲ್ಲಿ ಓದಿದವರು ಹೆಚ್ಚು, ಕೆಲಸವೂ ಹೆಚ್ಚು, ಆದರೂ ಹೀಗೇಕೆ? ಕಾರಣ ಹಲವು. ಒಂದು ಮಾತ್ರ ನಮ್ಮ ಬೀದಿಯಲ್ಲೇ ಬಿದ್ದಿದೆ. ಶಕ್ತಿ ಯೋಜನೆಯಿಂದ ಬಸ್ ಪ್ರಯಾಣ ಉಚಿತವಾಯಿತು, ಒಳ್ಳೆಯದು. ಬಸ್ಸಿಳಿದ ಮೇಲೆ ಮನೆಯವರೆಗಿನ ದಾರಿ ಪಾಲಿಕೆಯದು. ಅಲ್ಲಿ ದೀಪ ಉರಿಯದಿದ್ದರೆ, ಫುಟ್‌ಪಾತ್ ಮೇಲೆ ಕಾರು ನಿಂತಿದ್ದರೆ, ಹೆಬ್ಬಾಳದ ಕಂಪನಿಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಸಂಜೆ ಪಾಳಿ ಮುಗಿಸಿ ಬರುವ ಮಗಳಿಗೆ ಮನೆಯವರು ಹೇಳುವುದು ಒಂದೇ: ಆ ಕೆಲಸ ಬಿಡು.

ದೇವರಾಜ ಮಾರುಕಟ್ಟೆಯ ಸುತ್ತ ಬೆಳಗಿನಿಂದ ರಾತ್ರಿಯವರೆಗೆ ಹೂವು, ಸೊಪ್ಪು ಮಾರುವ ಹೆಂಗಸರನ್ನು ಕೇಳಿ. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಕೂರುವವರು ಅವರಲ್ಲಿದ್ದಾರೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೆ ಶೇ 40 ಸ್ಥಾನ, ಅದರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿಗೆ ಎನ್ನುತ್ತದೆ. ನಮ್ಮ ಪಾಲಿಕೆಗಳ ಕಾಯ್ದೆ ವಾರ್ಡ್ ಸಮಿತಿಯ 10 ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು ಎನ್ನುತ್ತದೆ. ಆ ಸಮಿತಿಗೆ ಅಧ್ಯಕ್ಷರು ವಾರ್ಡಿನ ಸದಸ್ಯರು. ಸದಸ್ಯರೇ ಇಲ್ಲದ ಮೇಲೆ ಅಧ್ಯಕ್ಷರೆಲ್ಲಿಂದ ಬರಬೇಕು?

ತೀರ್ಮಾನ ಮಾಡುವ ಕಡೆ ಹೆಂಗಸರ ಮಾತು ಬೀಳದಿದ್ದರೆ ಏನಾಗುತ್ತದೆ ಎಂಬುದನ್ನು ಮೈಸೂರು ಕಂಡಿದೆ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರವಾದಾಗ, ಮೈಸೂರು ವಿಶ್ವವಿದ್ಯಾಲಯ ಹೊರಡಿಸಿದ ಸುತ್ತೋಲೆ ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದು ಎಂದಿತು. ತಪ್ಪು ಮಾಡಿದವರು ಯಾರೋ, ಮನೆಯೊಳಗಿರಬೇಕಾದವರು ಇವರು. ವಿರೋಧ ಬಂದ ಮೇಲೆ ಅದನ್ನು ಹಿಂಪಡೆದರು, ಸರಿ. ಅಂಥ ಆದೇಶ ಬರೆಯುವ ಮೊದಲು ಗ್ರಂಥಾಲಯದಿಂದ ಹಾಸ್ಟೆಲಿಗೆ ನಡೆದುಹೋಗುವ ಒಬ್ಬ ಹುಡುಗಿಯನ್ನು ಕೇಳಿದ್ದರೆ, ದೀಪ ಹಾಕಿಸಿ, ಗಸ್ತು ಹೆಚ್ಚಿಸಿ ಎಂದು ಆಕೆಯೇ ಹೇಳುತ್ತಿದ್ದಳು.

ವಾರ್ಡ್ ಮರುವಿಂಗಡಣೆ ಆಗಬೇಕು, ಮೀಸಲಾತಿ ಪಟ್ಟಿ ಬರಬೇಕು, ಸುತ್ತಲಿನ ಊರುಗಳನ್ನು ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಆಗಬೇಕು ಎಂಬ ಕಾರಣಗಳನ್ನು ಕೇಳಿ ಸಾಕಾಗಿದೆ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ವಾರ್ಡ್ ವಿಂಗಡಣೆಯ ನೆಪದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಮಧ್ಯಪ್ರದೇಶದ ಪ್ರಕರಣದಲ್ಲಿ, ಸ್ಪಷ್ಟವಾಗಿಯೇ ಹೇಳಿದೆ. ಬೃಹತ್ ಮೈಸೂರು ಬೇಕಿದ್ದರೆ ಅದನ್ನು ಚುನಾಯಿತ ಕೌನ್ಸಿಲ್ ಚರ್ಚಿಸಲಿ.

ರಾಜ್ಯ ಸರ್ಕಾರ ಪಾಲಿಕೆಗೂ ಹೂಟಗಳ್ಳಿ ಸುತ್ತಲಿನ ಸಂಸ್ಥೆಗಳಿಗೂ ಚುನಾವಣೆಯ ದಿನಾಂಕವನ್ನು ಕೂಡಲೇ ಪ್ರಕಟಿಸಬೇಕು. ಅಲ್ಲಿಯವರೆಗೆ ಪಾಲಿಕೆ ಬಜೆಟ್‌ನಲ್ಲಿ ಬೀದಿದೀಪ ಮತ್ತು ಮಹಿಳಾ ಶೌಚಾಲಯಕ್ಕೆ ಎಷ್ಟು ಇಟ್ಟಿದ್ದೇವೆ, ಎಷ್ಟು ಖರ್ಚಾಗಿದೆ ಎಂಬುದನ್ನು ಆಡಳಿತಾಧಿಕಾರಿ ವಾರ್ಡ್‌ವಾರು ಜನರ ಮುಂದಿಡಬೇಕು. ಮೈಸೂರಿನ ಅಕ್ಕತಂಗಿಯರಲ್ಲಿ ನನ್ನ ವಿನಂತಿ: ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಬಡಾವಣೆಗೆ ಬಂದಾಗ ಮೊದಲು ಈ ದಿನಾಂಕವನ್ನೇ ಕೇಳಿ.

ಇಂತಿ,
ಒಬ್ಬ ಮತದಾರಳು,
ಕುವೆಂಪುನಗರ, ಮೈಸೂರು