ಮೀನು ಹೊಂಡಕ್ಕೆ ನ್ಯಾನೊ ಬೆಳ್ಳಿ: ಆತುರ ಬೇಡ



ಹಸುವಿನ ಜೊತೆಗೆ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಸಾಕುವವರು ನಮ್ಮಲ್ಲಿ ಇದ್ದಾರೆ. ಕೊಟ್ಟಿಗೆಯ ಸಗಣಿಯಿಂದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಮೀನಿಗೆ ಆಹಾರವಾಗುತ್ತವೆ. ಒಳ್ಳೆಯ ಪದ್ಧತಿ. ಆದರೆ ಮೀನಿನ ಮೈಮೇಲೆ ಕೆಂಪು ಹುಣ್ಣು ಎದ್ದು, ಹೊಟ್ಟೆ ಊದಿ ಸಾಯತೊಡಗಿದಾಗ, "ಡಾಕ್ಟ್ರೇ, ನ್ಯಾನೊ ಬೆಳ್ಳಿ ಹಾಕಬಹುದಾ?" ಎಂಬ ಪ್ರಶ್ನೆ ಬರುತ್ತದೆ. ನನ್ನ ಉತ್ತರ: ಈಗ ಬೇಡ.

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಇಷ್ಟು ಸಣ್ಣ ಅಳತೆಯ ಬೆಳ್ಳಿ ಕಣಗಳಿಂದ ಹೊರಬರುವ ಅಯಾನುಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳುಮಾಡುತ್ತವೆ. ಮೀನಿಗೆ ಹುಣ್ಣು ತರುವ ಏರೋಮೊನಾಸ್ ಕೂಡ ಪ್ರಯೋಗಾಲಯದಲ್ಲಿ ಇದರಿಂದ ಸಾಯುತ್ತದೆ. ಆ್ಯಂಟಿಬಯಾಟಿಕ್‌ಗೆ ಬದಲಿ ಸಿಕ್ಕೀತೆಂಬ ಆಸೆ ಹುಟ್ಟಿದ್ದು ಹೀಗೆ. ಸಂಶೋಧನೆ ಖಂಡಿತ ನಡೆಯಲಿ.

ಆದರೆ ಹೊಂಡ ಪ್ರಯೋಗಾಲಯದ ಗಾಜಿನ ನಳಿಗೆಯಲ್ಲ. ಸಗಣಿ, ಕೆಸರು ಇರುವ ನೀರಿನಲ್ಲಿ ಬೆಳ್ಳಿ ಅವುಗಳಿಗೇ ಅಂಟಿಕೊಳ್ಳುತ್ತದೆ. ಎಷ್ಟು ಹಾಕಿದರೆ ಎಷ್ಟು ಕೆಲಸ ಮಾಡುತ್ತದೆಂದು ಹೇಳಲಾಗದು. ಪ್ರಮಾಣ ಹೆಚ್ಚಾದರೆ ಮೀನಿನ ಕಿವಿರಿಗೇ ಪೆಟ್ಟು. ನೀರಿನ ಅಮೋನಿಯಾವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬೆಳ್ಳಿ ಲೋಹ, ಕೊಳೆತು ಹೋಗುವುದಿಲ್ಲ. ಹೂಳೆತ್ತಿ ಮೇವಿನ ಹೊಲಕ್ಕೆ ಹಾಕಿದರೆ ಅಲ್ಲಿಗೂ ಬರುತ್ತದೆ.

ಇನ್ನೊಂದು ಅಪಾಯ ದೊಡ್ಡದು. ಬ್ಯಾಕ್ಟೀರಿಯಾ ಬೆಳ್ಳಿಯನ್ನೂ ತಡೆದುಕೊಳ್ಳಲು ಕಲಿಯುತ್ತದೆ. ಬೆಳ್ಳಿಯ ಔಷಧಿಗೆ ಬಗ್ಗದ ಸಾಲ್ಮೊನೆಲ್ಲಾ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಕಂಡದ್ದು 1975ರಲ್ಲೇ ವರದಿಯಾಗಿತ್ತು. ಅದು ಹಲವು ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗುತ್ತಿರಲಿಲ್ಲ. ಎರಡೂ ಗುಣಗಳು ಒಂದೇ ಡಿಎನ್‌ಎ ತುಣುಕಿನಲ್ಲಿದ್ದವು. ಅಂಥ ತುಣುಕುಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಅದೇ ಹೊಂಡದ ನೀರನ್ನು ನಿಮ್ಮ ಹಸುವೂ ಕುಡಿಯುತ್ತಿದ್ದರೆ, ನಾಳೆ ಕೆಚ್ಚಲು ಬಾವಿಗೆ ನಾನು ಕೊಡುವ ಇಂಜೆಕ್ಷನ್ ಕೆಲಸ ಮಾಡದೆ ಹೋಗಬಹುದು.

ರೋಗಕ್ಕೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಕೆಟ್ಟ ನೀರು ಮತ್ತು ಕಿಕ್ಕಿರಿದ ಮೀನು. ಎರಡು ಚದರ ಮೀಟರಿಗೆ ಒಂದು ಮರಿ ಸಾಕು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಸಗಣಿ, ಮೇವು ನಿಲ್ಲಿಸಿ, ಹೊಸ ನೀರು ಬಿಡಿ. ಆ್ಯಂಟಿಬಯಾಟಿಕ್ ಚಿಕಿತ್ಸೆಯಲ್ಲಿರುವ ಹಸುವಿನ ಸಗಣಿಯನ್ನು ಹೊಂಡಕ್ಕೆ ಹಾಕಲೇಬೇಡಿ. ಸತ್ತ ಮೀನನ್ನು ಕೂಡಲೇ ತೆಗೆದು ಸುಣ್ಣ ಹಾಕಿ ಹೂಳಿ. ಸಾಯುವ ಸ್ಥಿತಿಯಲ್ಲಿರುವ ಮೀನನ್ನು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ, ರೋಗ ಯಾವುದೆಂದು ತಿಳಿದ ಮೇಲೆಯೇ ಔಷಧಿಯ ಮಾತು.

ಮೀನಿಗೆ ಎಷ್ಟು ಹಾಕಬೇಕು, ಹಾಕಿದ ಎಷ್ಟು ದಿನಕ್ಕೆ ಮೀನು ತಿನ್ನಲು ಯೋಗ್ಯ ಎಂಬುದನ್ನು ಲೇಬಲ್‌ನಲ್ಲಿ ಬರೆಯದ ಬಾಟಲಿಯನ್ನು ಯಾರು ತಂದರೂ ವಾಪಸ್ ಕಳಿಸಿ. ಹಾಲಿಗೆ ನಾವು ಕೇಳುವ ಶುದ್ಧತೆಯನ್ನೇ ಮೀನಿಗೂ ಕೇಳೋಣ.