ಮುಂದಾಲೋಚನೆಯ ಮುಖವಾಡ

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದೊಡನೆ ಅಂಗಡಿಗಳ ಮುಂದೆ ನೂಕುನುಗ್ಗಲಾದುದು ನಿಮಗೆ ನೆನಪಿರಬೇಕು. ದಿನಸಿ, ಹಾಲು, ಪಶುಮೇವಿನ ಅಂಗಡಿಗಳಿಗೆ ವಿನಾಯಿತಿಯಿತ್ತು. ಆದರೂ ಅಕ್ಕಿ, ಸಾಬೂನು, ಸಾಕುನಾಯಿಯ ಆಹಾರ ಮೂಟೆಮೂಟೆಯಾಗಿ ಕಾರುಗಳನ್ನೇರಿದವು.

ಇದು ಮುಂದಾಲೋಚನೆಯೇ? ಎರಡು ವಾರಕ್ಕಾಗುವಷ್ಟು ಕೊಂಡಿದ್ದರೆ ಒಪ್ಪೋಣ. ದಿನಗೂಲಿಯವನಿಗೂ ನಾಳಿನ ಚಿಂತೆಯಿತ್ತು. ಕೈಯಲ್ಲಿ ಹಣವಿರಲಿಲ್ಲ, ಅಷ್ಟೆ. ಆರು ತಿಂಗಳ ಸಾಮಾನು ಹೊತ್ತವರು ಅವನ ಪಾಲನ್ನೂ ಹೊತ್ತೊಯ್ದರು. ಆ ತಿಂಗಳಲ್ಲೇ ಸರ್ಕಾರವು ಮೂರು ಪದರದ ಮುಖಗವಸಿಗೆ 10 ರೂಪಾಯಿಯ ಮಿತಿ ವಿಧಿಸಬೇಕಾಯಿತು. ವ್ಯಾಪಾರಿಯ ದುರಾಸೆಯನ್ನು ಹಳಿದವರು ಗಿರಾಕಿಯ ದುರಾಸೆಯನ್ನೇಕೆ ಕಾಣಲಿಲ್ಲ?

ಹೋಟೆಲುಗಳು ಮುಚ್ಚಿದಾಗ ಅಲ್ಲಿನ ಉಳಿಕೆಯನ್ನೇ ನಂಬಿದ್ದ ಬೀದಿನಾಯಿಗಳು ಹಸಿದು ಅಲೆದವು. ಸಾಕುನಾಯಿಗೆಂದು ಕೂಡಿಟ್ಟ ಆ ಮನೆಗಳಿಂದ ಅವುಗಳಿಗೆ ಒಂದು ಹಿಡಿಯಾದರೂ ಹೊರಬಂದಿತೇ?